ಪ್ರಲಾಪಗಳ ನಡುವಣ ನಂಬಿಕೆ

ಕ್ರಿ.ಪೂ. 587-86ರಲ್ಲಿ ಬಾಬಿಲೋನಿಯರಿಂದ ನಾಶವಾದ ಯೆರೂಸಲೇಮಿನ ಶೋಕವೇ ಬೈಬಲಿನ 'ಪ್ರಲಾಪಗಳು' ಗ್ರಂಥದ ವಸ್ತು. ಅದರ ಮೂರನೆಯ ಅಧ್ಯಾಯದಲ್ಲಿ ದೇವರ ನಂಬಿಗಸ್ತಿಕೆಯನ್ನು ಸಾರುವ 22-23ನೆಯ ವಚನಗಳನ್ನಷ್ಟೇ ಎತ್ತಿಕೊಂಡು ಸಾಂತ್ವನ ನುಡಿಯುವ ಕ್ರೈಸ್ತ ಬೋಧನೆಯನ್ನು ನಾವು ಒಪ್ಪಲಾರೆವು. ಹಾಗೆ ಓದಿದಾಗ ಅಳು ನಿಲ್ಲದವನು ಅವಿಶ್ವಾಸಿಯೆನಿಸಿಬಿಡುತ್ತಾನೆ. ಆ ವಚನಗಳಿರುವುದು ಐದು ಅಧ್ಯಾಯಗಳ ನಡುವಿನದರಲ್ಲಿ. ಹೀಬ್ರೂವಿನ 22 ಅಕ್ಷರಗಳಿಗೆ ತಲಾ ಮೂರರಂತೆ 66 ವಚನಗಳ ಬಿಗಿಯಾದ ಕಟ್ಟು ಅಲ್ಲಿನದು (ಅನುವಾದದಲ್ಲಿ ಇದು ಕಾಣದು). ಅನಂತರ ಶೋಕ ಮರಳುತ್ತದೆ. ಕಡೆಯ ಅಧ್ಯಾಯದಲ್ಲಿ ವಚನಗಳು 22 ಇದ್ದರೂ ಅಕ್ಷರಕ್ರಮ ಕಳಚಿಹೋಗಿದೆ. ದೇವರು ತಮ್ಮನ್ನು ಪೂರ್ತಿಯಾಗಿ ತಳ್ಳಿಬಿಟ್ಟನೇನೋ ಎಂಬ ಶಂಕೆಯಲ್ಲೇ ಗ್ರಂಥ ನಿಲ್ಲುತ್ತದೆ. ಆದರೆ ಆ ಶಂಕೆಯನ್ನೂ ದೇವರಿಗೇ ಹೇಳಲಾಗಿದೆ ಎಂಬುದು ಗಮನಾರ್ಹ. ನಂಬಿಗಸ್ತಿಕೆಗೆ ಅಲ್ಲಿ ಬಳಸಿರುವ 'ಎಮೂನಾ' ಪದ 'ಆಮೆನ್' ಎಂಬುದರ ಧಾತುವಿನಿಂದಲೇ ಬಂದದ್ದು. ಅದರ ಅರ್ಥ ಸ್ಥೈರ್ಯ, ನೋವಿನ ನಿವಾರಣೆಯಲ್ಲ. ಯೆಹೂದಿ ವಾಚನಪರಂಪರೆಯಲ್ಲಿ ಕೊನೆಯ ವಚನದ ಬಳಿಕ ಅದರ ಹಿಂದಿನ ಪ್ರಾರ್ಥನಾವಚನವನ್ನು ಮತ್ತೊಮ್ಮೆ ಓದಿ ಮುಗಿಸುತ್ತಾರೆ.