ಕರಾವಳಿಯ ಫಲಕಗಳನ್ನು ಓದುವ ಬಗೆ

ಕೋಟೆ, ಬಸದಿ, ಬುರುಜುಗಳ ಮುಂದೆ ನಿಲ್ಲಿಸಿದ ಫಲಕಗಳನ್ನು ನಾವು ಸಾಹಿತ್ಯವೆಂದು ಓದುವುದಿಲ್ಲ. ಆದರೆ ಒಂದು ಊರಿನ ಚರಿತ್ರೆಯ ಬಗ್ಗೆ ಅತಿ ಹೆಚ್ಚು ಜನ ಓದುವ ಬರಹ ಬಹುಶಃ ಅದೇ. ಚರಿತ್ರೆಯ ಪುಸ್ತಕ ಮುಟ್ಟದವರೂ ಫಲಕದ ನಾಲ್ಕು ಸಾಲು ಓದಿ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಹಾಗಾಗಿ ಅದಕ್ಕೂ ವಿಮರ್ಶೆ ಬೇಕು.

ಕರಾವಳಿಗೆ ಈ ಪ್ರಕಾರ ಹೊಸದಲ್ಲ. ಆಳುಪರ ರಾಜಧಾನಿಯಾಗಿದ್ದ ಬಾರ್ಕೂರಿನ ಸುತ್ತ ಸಿಗುವ ದಾನಶಾಸನಗಳಿಗೆ ಒಂದು ಕಟ್ಟು ಇದೆ: ಯಾವ ಅರಸನ ಕಾಲ, ಕೊಟ್ಟವರು ಯಾರು, ಪಡೆದವರು ಯಾರು, ಭೂಮಿಯ ಎಲ್ಲೆ ಎಲ್ಲಿಂದ ಎಲ್ಲಿಗೆ, ಸಾಕ್ಷಿ ಯಾರು. ಕೊನೆಗೆ ಶಾಪಾಶಯ, ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪ. ಇಂದಿನ ಪುರಾತತ್ವ ಇಲಾಖೆಯ ನೀಲಿ ಫಲಕದಲ್ಲಿ ಉಳಿದಿರುವುದು ಆ ಕೊನೆಯ ಭಾಗ ಮಾತ್ರ. 1958ರ ಕಾಯ್ದೆಯ ಪ್ರಕಾರ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ. ಪಾಪದ ಜಾಗಕ್ಕೆ ಜೈಲು ಬಂದಿದೆ. ಕೊಟ್ಟವರ, ಪಡೆದವರ, ಸಾಕ್ಷಿಗಳ ಹೆಸರು ಹೋಗಿದೆ. ಪಕ್ಕದಲ್ಲಿ ಚರಿತ್ರೆ ಹೇಳುವ ಇನ್ನೊಂದು ಫಲಕವಿದ್ದರೂ ಅದರ ಭಾಷೆ ಸಾಮಾನ್ಯವಾಗಿ 'ನಿರ್ಮಿಸಲಾಯಿತು', 'ಎನ್ನಲಾಗಿದೆ'. ಹಾಗೆ ಎನ್ನುವವರು ಯಾರು?

ಇದು ಬರೀ ವ್ಯಾಕರಣದ ತಕರಾರಲ್ಲ. ಮಂಗಳೂರಿನ ಬೋಳೂರಿನಲ್ಲಿ, ಹೊಳೆಯ ದಡದಲ್ಲಿ ಸುಲ್ತಾನ್ ಬತ್ತೇರಿ ಇದೆ. ಟಿಪ್ಪು ಅದನ್ನು ಕಟ್ಟಿಸಿದ್ದು 1784ರಲ್ಲಿ ಎಂಬುದು ರೂಢಿಯ ಮಾತು. ಅದೇ ವರ್ಷದ ಫೆಬ್ರವರಿಯಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸುವುದು ಶುರುವಾಯಿತು. ಮಾರ್ಚ್ 11ರಂದು ಟಿಪ್ಪು ಇದೇ ಊರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ. ಒಂದು ಇಸವಿ, ಒಂದು ಊರು, ಮೂರು ನೆನಪು. ಕಂಪನಿಯನ್ನು ಮಣಿಸಿದ ಹೆಮ್ಮೆಯೂ ಮನೆ ಕಳೆದುಕೊಂಡವರ ನೋವೂ ಸುಳ್ಳಲ್ಲ. ಇಸವಿಯನ್ನು ಒಂದೇ ಕಟ್ಟಡಕ್ಕೆ ಅಂಟಿಸಿದರೆ ಉಳಿದೆರಡು ನೆನಪುಗಳು ನಿಲ್ಲಲು ಜಾಗವೇ ಇರುವುದಿಲ್ಲ.

ಬಾವುಟಗುಡ್ಡೆಯ ಕತೆ ಬೇರೆ. 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ಬಂದ ಬಂಡುಕೋರರು ಮಂಗಳೂರನ್ನು ಹಿಡಿದು, ಈ ಗುಡ್ಡದ ಮೇಲೆ ಬಾವುಟ ಏರಿಸಿ, ಸುಮಾರು 2 ವಾರ ಊರನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡಿದ್ದರು. ಬ್ರಿಟಿಷರು ಗೆದ್ದ ಮೇಲೆ ಉಳಿದ ಹೆಸರು 'ಕಲ್ಯಾಣಪ್ಪನ ಕಾಟಕಾಯಿ'. ಕಾಟಕಾಯಿ ಎಂದರೆ ಸುಲಿಗೆ, ಉಪದ್ರವ. ನಿರಂಜನರು 'ಕಲ್ಯಾಣಸ್ವಾಮಿ' ಕಾದಂಬರಿಯಲ್ಲಿ ಈ ಬಂಡಾಯವನ್ನು ಬೇರೆ ಕಣ್ಣಿನಿಂದ ನೋಡಿದರು. 2022ರಲ್ಲಿ ಅಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ಈಗ ಅದು ಸ್ವಾತಂತ್ರ್ಯ ಸಂಗ್ರಾಮ. ಗೌರವ ಸಲ್ಲಬೇಕಾದದ್ದೇ. ಆದರೆ ನಡುವಿನ 185 ವರ್ಷ ಈ ನೆನಪನ್ನು ಕಾಪಾಡಿದ್ದು ಗುಡ್ಡದ ಹೆಸರು ಮತ್ತು ಆ ಬೈಗುಳ. 'ಕಾಟಕಾಯಿ' ಎಂಬ ಮಾತನ್ನು ಅಳಿಸಿದರೆ, ಗೆದ್ದವರ ಭಾಷೆ ಸೋತವರ ಮಕ್ಕಳ ಬಾಯಿಗೂ ಹೇಗೆ ಬರುತ್ತದೆ ಎಂಬ ಪಾಠವೂ ಅಳಿಯುತ್ತದೆ.

ಉಳ್ಳಾಲದ ರಾಣಿ ಅಬ್ಬಕ್ಕನಿಗೆ ಪ್ರತಿಮೆ ಇದೆ, ತಟರಕ್ಷಣಾ ಪಡೆಯ ಹಡಗೊಂದಕ್ಕೆ ಅವಳ ಹೆಸರಿದೆ. ಪೋರ್ಚುಗೀಸರೊಡನೆ ಉಳ್ಳಾಲದ ಕಾದಾಟ 1550ರ ದಶಕದಷ್ಟು ಹಿಂದಿನದು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಉಳ್ಳಾಲದ ರಾಣಿಯನ್ನು ಕಂಡದ್ದು 1623ರಲ್ಲಿ. ನಡುವೆ ಸುಮಾರು 70 ವರ್ಷ. ಅಬ್ಬಕ್ಕ ಒಬ್ಬಳೇ ಇರಲಾರಳು ಎಂದು ಹಲವು ಚರಿತ್ರಕಾರರು ಹೇಳುವುದು ಇದಕ್ಕೇ. ತಾಯಿಯಿಂದ ಮಗಳಿಗೆ ಹಕ್ಕು ಹರಿಯುವ ಅಳಿಯಕಟ್ಟಿನ ನಾಡಿನಲ್ಲಿ ರಾಣಿಯರ ಸಾಲು ಇದ್ದರೆ ಅದು ಇನ್ನೂ ದೊಡ್ಡ ಸಂಗತಿ. ಪ್ರತಿಮೆಗೆ ಮಾತ್ರ ಒಂದೇ ಮುಖ ಸಾಧ್ಯ. ಆ ಸಾಲನ್ನು ಹೇಳಬೇಕಾದದ್ದು ಅದರ ಕೆಳಗಿನ ಬರಹ.

ನಾಲ್ಕು ಸಾಲಿನಲ್ಲಿ ಇಷ್ಟೆಲ್ಲ ಹಿಡಿಸುವುದು ಹೇಗೆ ಎಂದು ಕೇಳಬಹುದು. ಶಾಸನ ಬರೆದವರಿಗೂ ಕಲ್ಲು ಕಿರಿದೇ ಆಗಿತ್ತು. ಆದರೂ ಅವರು ಸಾಕ್ಷಿಗಳಿಗೆ ಜಾಗ ಬಿಟ್ಟರು. ಇಂದಿನ ಫಲಕವೂ ಒಂದು ಸಾಲನ್ನು ಅದಕ್ಕೆಂದು ಮೀಸಲಿಡಲಿ: ಈ ಮಾತು ಯಾರಿಂದ ಬಂತು, ಒಪ್ಪದವರು ಏನು ಹೇಳುತ್ತಾರೆ. ಅಷ್ಟಿದ್ದರೆ ಓದಿದ ಹುಡುಗ ಹುಡುಗಿಯರು ಫೋಟೊ ತೆಗೆದು ಹೊರಡುವ ಬದಲು ಗ್ರಂಥಾಲಯಕ್ಕೂ, ಊರಿನ ಹಿರಿಯರ ಮನೆಗೂ ದಾರಿ ಹುಡುಕುತ್ತಾರೆ.