ನಿಯಮ ಗೊತ್ತು, ಕಾರಣ?

ಪ್ರವೇಶ ಪರೀಕ್ಷೆಯ ಮಾರ್ಗದರ್ಶಿಗಳಲ್ಲಿ ಹೈಡ್ರೋಕಾರ್ಬನ್‌ಗಳ 'ಕಠಿಣ' ಸಮಸ್ಯೆಗಳನ್ನು ಗಮನಿಸಿದ್ದೀರಾ? ಪ್ರೊಪೀನ್‌ಗೆ ಹೈಡ್ರೋಜನ್ ಬ್ರೋಮೈಡ್ ಸೇರಿದರೆ ಮಾರ್ಕೋವ್ನಿಕಾಫ್ ನಿಯಮದಂತೆ 2-ಬ್ರೋಮೋಪ್ರೊಪೇನ್. ಪೆರಾಕ್ಸೈಡ್ ಇದ್ದರೆ 1-ಬ್ರೋಮೋಪ್ರೊಪೇನ್. ಈ ಎರಡನೆಯದು 1933ರಲ್ಲಿ ಖರಾಶ್ ಮತ್ತು ಮೇಯೊ ಪ್ರಕಟಿಸಿದ ಪರಿಣಾಮ. 'ಕ್ಲೋರೈಡ್, ಅಯೋಡೈಡ್‌ಗಳಿಗೆ ಇದು ಅನ್ವಯಿಸದು' ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ಏಕೆ ಅನ್ವಯಿಸದು? ಅಲ್ಲಿ ಪುಸ್ತಕ ಮೌನ.

ನಾನು ಭೌತವಿಜ್ಞಾನದವನು, ನನಗೆ ಶಕ್ತಿಯ ಲೆಕ್ಕ ಬೇಕು. ಪೆರಾಕ್ಸೈಡ್ ಇದ್ದಾಗ ನಡೆಯುವುದು ಸರಪಳಿ ಕ್ರಿಯೆ. ಮೊದಲು ಹ್ಯಾಲೋಜನ್ ಪರಮಾಣು ದ್ವಿಬಂಧದ ತುದಿಯ ಕಾರ್ಬನ್‌ಗೆ ಸೇರುತ್ತದೆ. ಹೀಗೆ ಉಂಟಾದ ರ‍್ಯಾಡಿಕಲ್, ಹೈಡ್ರೋಜನ್ ಹ್ಯಾಲೈಡ್‌ನ ಇನ್ನೊಂದು ಅಣುವಿನಿಂದ ಹೈಡ್ರೋಜನ್ನನ್ನು ಕಿತ್ತುಕೊಳ್ಳುತ್ತದೆ. ಆಗ ಏರ್ಪಡುವ ಕಾರ್ಬನ್-ಹೈಡ್ರೋಜನ್ ಬಂಧದಿಂದ ದೊರೆಯುವುದು ಮೋಲ್‌ಗೆ ಸುಮಾರು 410 ಕಿಲೋಜೂಲ್. ಹೈಡ್ರೋಜನ್ ಬ್ರೋಮೈಡ್‌ನ ಬಂಧ ಮುರಿಯಲು ಸುಮಾರು 366 ಸಾಕು. ಕ್ಲೋರೈಡ್‌ಗೆ 431 ಬೇಕು. ಆದ್ದರಿಂದ ಕ್ಲೋರೈಡ್‌ನಲ್ಲಿ ಎರಡನೆಯ ಹಂತ ಅಂತರುಷ್ಣಕ. ಅಯೋಡೈಡ್‌ನಲ್ಲಿ ಮೊದಲ ಹಂತವೇ ಅಂತರುಷ್ಣಕ. ಎರಡೂ ಹಂತಗಳು ಬಹಿರುಷ್ಣಕವಾಗುವುದು ಬ್ರೋಮೈಡ್‌ನಲ್ಲಿ ಮಾತ್ರ. ಉಳಿದೆರಡರಲ್ಲಿ ಸರಪಳಿ ಮುಂದುವರಿಯಲಾರದು.

ಅಧ್ಯಾಪಕ ಮಿತ್ರರೇ, ಅಪವಾದವನ್ನು ಬಾಯಿಪಾಠ ಮಾಡಿಸಿದರೆ ವಿದ್ಯಾರ್ಥಿಗೆ ಒಂದು ಅಂಕ ಬಂದೀತು. ಬದಲಿಗೆ ಬಂಧಶಕ್ತಿಗಳನ್ನು ಕೊಟ್ಟು ಕಾರಣ ಕೇಳಿ. ಅಪವಾದವೆಂದು ಕಂಡದ್ದೂ ಶಕ್ತಿ ಸಂರಕ್ಷಣೆಯ ಲೆಕ್ಕಕ್ಕೆ ಒಳಪಟ್ಟದ್ದೇ ಎಂಬುದು ಆಗ ಅವರಿಗೇ ಹೊಳೆಯುತ್ತದೆ.