ಸೈನೈಡ್ ಗುಡ್ಡಕ್ಕೆ ಬಂದ ಬೆಳಕು

ಕೋಲಾರ ಚಿನ್ನದ ಗಣಿ (ಕೆಜಿಎಫ್) ಪ್ರದೇಶದ ರಾಬರ್ಟ್‌ಸನ್‌ಪೇಟೆಯ ಸುತ್ತ ಎದ್ದು ನಿಂತಿರುವ ಸೈನೈಡ್ ಗುಡ್ಡಗಳು ಗಣಿ ಕಾರ್ಮಿಕರ ಬೆವರಿನಿಂದ ಹುಟ್ಟಿದವು. ನೆಲದಡಿ ಮೂರು ಕಿಲೋಮೀಟರ್ ಆಳದಿಂದಲೂ ಎತ್ತಿ ತಂದ ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿ ಅದು. ಮಳೆ ಅದರ ಮೈಮೇಲೆ ಕೊರಕಲು ಕೆತ್ತಿದೆ. ಬೇಸಿಗೆಯ ಗಾಳಿಗೆ ಅದು ಹೊಗೆಯಂತೆ ಏಳುತ್ತದೆ.

ಇಂಥ ನೆಲದಲ್ಲಿ ನಿರ್ದೇಶಕ ಪ್ರಶಾಂತ್ ನೀಲ್ 'ಕೆಜಿಎಫ್' ಚಿತ್ರಕ್ಕಾಗಿ ಸೆಟ್ ಹಾಕಿಸಿದರು. 2018ರ ಡಿಸೆಂಬರಿನಲ್ಲಿ ತೆರೆಕಂಡ ಆ ಚಿತ್ರದ ಹಾಡುಗಳನ್ನು ನೋಡುವಾಗ ನನ್ನ ಕಣ್ಣು ನಾಯಕ ಯಶ್ ಅವರನ್ನೂ ದಾಟಿ ದೂಳಿನ ಮೇಲೆ ನಿಲ್ಲುತ್ತದೆ. ಛಾಯಾಗ್ರಾಹಕ ಭುವನ್ ಗೌಡ ದೂಳನ್ನೇ ಪರದೆಯಾಗಿಸಿಕೊಂಡಿದ್ದಾರೆ. ಹಿಂದಿನಿಂದ ಬೆಳಕು ಬಿದ್ದರೆ ಸಾಕು, ಕಣಕಣವೂ ಗಾಳಿಯಲ್ಲಿ ತೇಲುತ್ತ ಕಾಣುತ್ತದೆ. ಮುಖಗಳು ಕಪ್ಪು ನೆರಳಾಗಿ ಅದರೊಳಗಿಂದ ಮೂಡುತ್ತವೆ. ಹಸಿರಿನ ಸುಳಿವೇ ಇಲ್ಲದ ಆ ಮಸಿ ಬಣ್ಣದ ಲೋಕದಲ್ಲಿ ಪಂಜಿನ ಒಂದು ಕಿಡಿಯೂ ಚಿನ್ನದಷ್ಟು ತೂಗುತ್ತದೆ. ಅದಕ್ಕೆ ಸಂಗೀತ ನಿರ್ದೇಶಕ ರವಿ ಬಸ್ರೂರು ಕೊಟ್ಟ ಗುಂಪುದನಿ, ಎದೆಗೆ ಗುದ್ದುವ ತಾಳ! ಸಾವಿರ ಸುತ್ತಿಗೆಗಳು ಒಟ್ಟಿಗೆ ಬಿದ್ದಂತೆ ಕೇಳುತ್ತದೆ.

ಚಿತ್ರದ ಸಾಹಸ ನಿರ್ದೇಶನಕ್ಕೂ ವಿಶೇಷ ದೃಶ್ಯ ಪರಿಣಾಮಗಳಿಗೂ ರಾಷ್ಟ್ರಪ್ರಶಸ್ತಿ ಬಂತು. ಆದರೆ ನನಗೆ ದೊಡ್ಡದೆನಿಸುವುದು ಬೇರೆ: 2001ರಲ್ಲಿ ಗಣಿ ಮುಚ್ಚಿದಾಗ ಕಸವಾಗಿ ಉಳಿದ ಈ ಪುಡಿಯಲ್ಲಿ ಕ್ಯಾಮೆರಾ ಮತ್ತೊಮ್ಮೆ ಚಿನ್ನ ಕಂಡಿತು.